ನಡುಮಧ್ಯಾಹ್ನ ಮುಳುಗಿದ ಹೊತ್ತು

ಧರಣೇಂದ್ರ ಐಟಿಐ ಪಾಸಾಗಿದ್ದನೇ ಹೊರತು ಕರೆಂಟಿನ ಮುಖ ನೆಟ್ಟಗೆ ನೋಡಿರಲಿಲ್ಲ. ಅವನು ಕಲಿತಲ್ಲಿ ಇದ್ದದ್ದು ಒಂದೇ ಮೋಟರು. ವರ್ಷವರ್ಷವೂ ಹುಡುಗರು ಅದರ ತಂತಿ ಬಿಚ್ಚಿ ಮತ್ತೆ ಸುತ್ತುತ್ತಿದ್ದರು. ಸುಟ್ಟೀತೆಂದು ಅದಕ್ಕೆ ಕರೆಂಟು ಮಾತ್ರ ಯಾರೂ ಕೊಟ್ಟಿರಲಿಲ್ಲ. ಹೀಗಾಗಿ ಸಕ್ಕರೆ ಕಾರ್ಖಾನೆಯ ಇಂಜಿನಿಯರ್ ರಾವಸಾಹೇಬರು, ನೀನು ಮಾಡಿದ್ದು ಯಾವುದಾದರೂ ನಡೆದದ್ದುಂಟೇ ಎಂದು ಕೇಳಿದಾಗ ಇಲ್ಲವೆಂದೇ ಒಪ್ಪಿಕೊಂಡ. ಕಬ್ಬಿನ ಹಂಗಾಮು ಶುರುವಾಗುವುದರೊಳಗೆ ಏನಾದರೂ ಮಾಡಿಡು, ನಾನೇ ಬಂದು ನೋಡುತ್ತೇನೆ, ನಡೆದರೆ ನೌಕರಿ ಎಂದು ಅವರು ಕಳಿಸಿದರು.

ಎಂಬತ್ತೆಂಟರ ಮಳೆಗಾಲವದು. ಧರಣೇಂದ್ರ ಹಾರೂಗೇರಿಯಲ್ಲಿ ಬಾಳುವಿನ ಮೋಟರ್ ರಿವೈಂಡಿಂಗ್ ಅಂಗಡಿ ಸೇರಿ, ಕೈ ಸುಟ್ಟುಕೊಂಡು, ಬೈಸಿಕೊಂಡು ಕೆಲಸ ಕಲಿತ. ಏನು ಮಾಡಬೇಕೆಂಬುದನ್ನು ಅಜ್ಜಿ ಸೋನಾಬಾಯಿ ಸೂಚಿಸಿದಳು. ಅವರದು ಜೈನರ ಓಣಿ. ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಮೋಡದ ದಿನವಂತೂ ಮುಳುಗಿತೋ ಇಲ್ಲವೋ ಎಂದು ತುತ್ತು ಹಿಡಿದುಕೊಂಡೇ ವಾದ ನಡೆಯುತ್ತಿತ್ತು. ಧರಣೇಂದ್ರ ಮಾಳಿಗೆಯ ಮೇಲೆ ಟ್ರ್ಯಾಕ್ಟರಿನ ಹಳೆ ಬ್ಯಾಟರಿ, ಗಿರಣಿಯ ಸೈರನ್ನಿನಂಥ ಒಂದು ಭೋಂಗಾ, ಕತ್ತಲಾದರೆ ಅದನ್ನು ಕೂಗಿಸುವ ಒಂದು ಗಾಜಿನ ಕಣ್ಣು ಕೂಡಿಸಿದ. ಮಳೆ ಬಿಡುವು ಕೊಟ್ಟಿತ್ತು. ಪ್ರತಿ ಸಂಜೆ ಅದು ಹೊತ್ತಿಗೆ ಸರಿಯಾಗಿ ಕೂಗಿತು. ಇನ್ನು ಭೋಂಗಾದ ಮಾತೇ ಕೊನೆಯ ಮಾತು ಎಂದು ಓಣಿಯ ಹಿರಿಯರು ತೀರ್ಮಾನಿಸಿದರು.

ರಾವಸಾಹೇಬರು ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಅಜ್ಜಿ ಹೋಳಿಗೆ ಬಡಿಸಿ, ತಾನೂ ಕೂತು ಮೊದಲ ತುತ್ತು ಮುರಿದಿದ್ದಳಷ್ಟೇ, ಕರಿಮೋಡ ಕವಿದು ಭೋಂಗಾ ಕೂಗಿಕೊಂಡಿತು. ಧರಣೇಂದ್ರನ ಮುಖ ಬಿಳಿಚಿತು. ಅದನ್ನು ನೋಡಿದ ಅಜ್ಜಿ ತಾಟಿನಲ್ಲೇ ಕೈ ತೊಳೆದಳು.

"ಹೊತ್ತ ಮುಳಗಿತ್ರಿ ಸಾಹೇಬ್ರ. ನಮ್ಮ ಹುಡುಗನ ಭೋಂಗಾ ಸುಳ್ಳ ಹೇಳೂದಿಲ್ಲ."

ಹುಡುಗನ ನೌಕರಿಯ ಪ್ರಶ್ನೆ. ಓಣಿಗೆ ಬೇರೆ ಹೇಳಬೇಕಾಗಲಿಲ್ಲ. ಎದುರುಮನೆಯ ತವನಪ್ಪ ಮೇಯುತ್ತಿದ್ದ ಎಮ್ಮೆಯನ್ನು ಎಳೆತಂದು ಗೋದಲಿಗೆ ಕಟ್ಟಿದ. ಮನೆಮನೆಯಲ್ಲಿ ಕಂದೀಲು ಹತ್ತಿದವು. ಮಕ್ಕಳನ್ನು ಗದರಿಸಿ ಮಲಗಿಸಿದರು. ರಾವಸಾಹೇಬರೂ ಜೈನರೇ. ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ಹೋಳಿಗೆ ನೋಡಿದರು, ಕೈ ಹಿಂದಕ್ಕೆ ತೆಗೆದುಕೊಂಡರು.

ಸುಮ್ಮನಿದ್ದಿದ್ದರೆ ನೌಕರಿ ಸಿಕ್ಕೇಬಿಡುತ್ತಿತ್ತೇನೋ. ಆದರೆ ಅಜ್ಜಿಯ ತಾಟಿನಲ್ಲಿ ನೀರು ಕುಡಿದು ಉಬ್ಬುತ್ತಿದ್ದ ಹೋಳಿಗೆಯನ್ನು ಧರಣೇಂದ್ರನಿಂದ ನೋಡಲಾಗಲಿಲ್ಲ.

"ಹೊತ್ತ ಮುಳಗಿಲ್ರಿ ಸಾಹೇಬ್ರ. ಮೋಡ ಯಾವುದು, ಸಂಜಿ ಯಾವುದು ಇದಕ್ಕ ತಿಳಿಯಂಗಿಲ್ಲ. ತಪ್ಪ ನಂದು."

"ಹಂಗಾರ ತಿಳಿಯೂಹಂಗ ಮಾಡ," ಎಂದರು ರಾವಸಾಹೇಬರು.

ಅವನು ಮನೆಯ ಅಲಾರಾಂ ಗಡಿಯಾರ ಹಿಡಿದು ಮಾಳಿಗೆ ಹತ್ತಿದ. ಐದು ಹೊಡೆಯುವ ತನಕ ಕಣ್ಣು ಏನೇ ಹೇಳಲಿ, ಭೋಂಗಾ ಕೇಳದಂತೆ ತಂತಿ ಜೋಡಿಸಿದ. ಹಸಿದ ಇಂಜಿನಿಯರು ಕೆಳಗೆ ನಿಚ್ಚಣಿಕೆ ಹಿಡಿದು ನಿಂತಿದ್ದರು. ಗಾಜಿನ ಕಣ್ಣಿನ ಮೇಲೆ ಗೋಣಿಚೀಲ ಹೊದಿಸಿದರೂ ಅದು ಬಾಯಿ ಬಿಡಲಿಲ್ಲ. ಮುಳ್ಳು ತಿರುಗಿಸಿ ಐದು ದಾಟಿಸಿದಾಗ ಕೂಗಿತು. ಓಣಿಗೆ ಅಂದು ಎರಡನೆಯ ಸಲ ಹೊತ್ತು ಮುಳುಗಿತು. ನಾಳೆಯಿಂದಲೇ ಕಾರ್ಖಾನೆಗೆ ಬಾ ಎಂದ ರಾವಸಾಹೇಬರು ಕೂತು ಹೊಟ್ಟೆತುಂಬ ಉಂಡರು.

ಅಷ್ಟರಲ್ಲಿ ಮೋಡ ಸರಿದು ಅಂಗಳದ ತುಂಬ ಬಿಸಿಲು ಬಿದ್ದಿತ್ತು. ಧರಣೇಂದ್ರ ಬೇರೆ ತಾಟಿನಲ್ಲಿ ಹೋಳಿಗೆ ಹಾಕಿಕೊಂಡು ಅಜ್ಜಿಯ ಮುಂದೆ ಕೂತ. ಅಜ್ಜಿ ತಾಟು ಸರಿಸಿದಳು.

"ಮುಳಗೇತಿ ಅಂತ ನನ್ನ ಬಾಯಿಲೆ ಹೇಳೀನಪಾ. ನಿನ್ನ ನೌಕರಿ ಸಿಹಿ ನಾಳೆ ಹೊತ್ತ ಹುಟ್ಟಿದ ಮ್ಯಾಲೆ ತಿಂತೀನಿ."

ಹಾಗೆಂದವಳೇ ಬಿಸಿಲು ಬೀಳುತ್ತಿದ್ದ ಕಿಟಕಿ ಮುಚ್ಚಿ, ಹಾಸಿಗೆ ಬಿಡಿಸಿ, ಹಸಿದ ಹೊಟ್ಟೆಯಲ್ಲೇ ಮಲಗಿದಳು.