ಶೇಷುವಿನ ಪ್ರಮೇಯ

ಕಳೆದ ವಾರ ಅಟ್ಟದಿಂದ ಇಳಿಸಿದ ರಟ್ಟಿನ ಪೆಟ್ಟಿಗೆಯಲ್ಲಿ, ನ್ಯಾಫ್ತಲೀನ್ ಗುಳಿಗೆಯ ವಾಸನೆ ಹತ್ತಿದ ಒಂದು ಕಟ್ಟು ಕಾಗದ ಸಿಕ್ಕಿತು. ಗೆಳೆಯ ಶೇಷುವಿನ ಪಿಎಚ್‌ಡಿ ಪ್ರಬಂಧದ ಕರಡು, ಅವನು ನೋಡಿಕೊಂಡು ನನ್ನಲ್ಲೇ ಬಿಟ್ಟಿದ್ದ ಪ್ರತಿ. ಅಂಚಿನಲ್ಲೆಲ್ಲ ನಾನು ಪೆನ್ಸಿಲಿನಲ್ಲಿ ಹಾಕಿದ ಸರಿ ಗುರುತುಗಳು. ನಲವತ್ತೊಂದನೆಯ ಪುಟದಲ್ಲೂ ಒಂದಿತ್ತು. ಇರಬಾರದಿತ್ತು.

ನಾನು ಎಲ್ಲವನ್ನೂ ಅನುಮಾನಿಸುವವನು, ಮೊದಲೇ ಹೇಳಿಬಿಡುತ್ತೇನೆ. ಅನ್ನ ಬೆಂದಿದೆ ಎಂದು ಹೆಂಡತಿ ಹೇಳಿದರೂ ಒಂದು ಅಗುಳು ಹಿಸುಕಿ ನೋಡುತ್ತೇನೆ. ವಿಶ್ವವಿದ್ಯಾಲಯ ಕಲಿಸಿದ ಚಾಳಿ. ಒಂದು ನೆನಪನ್ನು ಮಾತ್ರ ಇಷ್ಟು ವರ್ಷ ಹಿಸುಕಿರಲಿಲ್ಲ: ಆ ಪುಟದಲ್ಲಿ ತಪ್ಪಿದೆ ಎಂದು ನಾನು ಮೊದಲೇ ಎಚ್ಚರಿಸಿದ್ದೆ, ಶೇಷು ಕೇಳಲಿಲ್ಲ.

ತೊಂಬತ್ತರ ದಶಕದ ಕೊನೆ. ಚೆನ್ನೈನಲ್ಲಿ ನಾವಿಬ್ಬರೂ ಒಬ್ಬರೇ ಗುರುಗಳ ಕೈಕೆಳಗೆ ಸಂಶೋಧನೆಗೆ ಸೇರಿದ್ದೆವು. ನಮ್ಮ ಕಂಪ್ಯೂಟರು ಇದ್ದದ್ದು ಕಾಗದದ ಮೇಲೆ. ಬೇಕಾದಷ್ಟು ಪ್ರೊಸೆಸರುಗಳು, ಎಲ್ಲಕ್ಕೂ ಸೇರಿ ಒಂದೇ ಮೆಮರಿ, ಎಲ್ಲವೂ ಒಟ್ಟಿಗೆ ಹೆಜ್ಜೆ ಹಾಕಬೇಕು. ಒಂದು ಹೆಜ್ಜೆಯಲ್ಲಿ ಮೆಮರಿಯ ಒಂದು ಕೋಶವನ್ನು ಒಂದೇ ಪ್ರೊಸೆಸರು ಓದಬೇಕು ಎಂಬುದು ನಿಯಮ. ಇಷ್ಟೆಲ್ಲ ಕೈಗಳಿದ್ದರೆ ಕೆಲಸ ಎಷ್ಟು ಬೇಗ ಮುಗಿದೀತು ಎಂಬುದು ಪ್ರಶ್ನೆ. ನಿಜವಾದ ಯಂತ್ರವನ್ನು ನಾವು ಮುಟ್ಟುತ್ತಿದ್ದದ್ದು ಇ-ಮೇಲ್ ನೋಡಲು ಮಾತ್ರ.

ಒಬ್ಬರ ಪ್ರಮೇಯವನ್ನು ಇನ್ನೊಬ್ಬರು ಸಾಲು ಸಾಲಾಗಿ ಓದಿ ಗುರುತು ಹಾಕುವುದು ನಮ್ಮ ಲ್ಯಾಬಿನ ಪದ್ಧತಿ. “ಎನಿಮಿ ಥರ ಓದು ಡಾ,” ಎನ್ನುತ್ತಿದ್ದ ಶೇಷು. “ಫ್ರೆಂಡ್ ಥರ ಓದಿದ್ರೆ ನಾನು ಔಟ್.”

ಅವನ ವಿಧಾನದಲ್ಲಿ ಕೋಶಗಳು ಮುಂದಿನದನ್ನು ತೋರಿಸುತ್ತ ಸಾಲಾಗಿ ನಿಂತಿದ್ದವು. ಪ್ರತಿ ಪ್ರೊಸೆಸರೂ ಮುಂದಿನದರ ಮುಂದಿನದಕ್ಕೆ ಜಿಗಿಯುತ್ತಿತ್ತು. ಚೆಂದದ ಉಪಾಯ. ನಲವತ್ತೊಂದನೆಯ ಪುಟದಲ್ಲಿ ಅಂಥ ಎರಡು ಸಾಲುಗಳು ಬಂದು ಒಂದಾಗುತ್ತಿದ್ದವು. ‘ಇಲ್ಲಿಯೂ ಹಾಗೆಯೇ’ ಎಂದು ಬರೆದು ಅವನು ಮುಂದೆ ಹೋಗಿದ್ದ. ಹಾಗಾಗುವುದಿಲ್ಲ. ಸೇರುವ ಜಾಗದಲ್ಲಿ ಎರಡು ಪ್ರೊಸೆಸರುಗಳು ಒಂದೇ ಕೋಶಕ್ಕೆ ಕೈಹಾಕುತ್ತವೆ. ಒಂದೊಂದಾಗಿ ಬಿಟ್ಟರೆ ಅವನು ಹೇಳಿಕೊಂಡ ವೇಗವೇ ಉಳಿಯುವುದಿಲ್ಲ.

ಬಹಿರಂಗ ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಬೆರಳಿಟ್ಟದ್ದು ಅಲ್ಲೇ. ಶೇಷು ಚಾಕ್ ಹಿಡಿದು ನಿಂತೇ ಇದ್ದ. ಐದು ವರ್ಷದ ಕೆಲಸ ಬಿದ್ದುಹೋಯಿತು. “ಇದನ್ನ ಬೇರೆ ಯಾರೂ ನೋಡಿರಲಿಲ್ಲವಾ?” ಎಂದು ಗುರುಗಳು ಕೇಳಿದರು. ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆ. ಅವನು ನನ್ನತ್ತ ತಿರುಗಲಿಲ್ಲ.

“ಇಲ್ಲ ಸಾರ್. ನಾನೊಬ್ಬನೇ.”

ವಾರದ ಮೇಲೆ ಮೈಲಾಪೂರಿನ ಅವನ ಮನೆಗೆ ಹೋದೆ. ಅವನಿರಲಿಲ್ಲ. ಅವನ ತಾಯಿಯನ್ನು ನಾನು ಮಾಮಿ ಎನ್ನುತ್ತಿದ್ದೆ, ಅವರು ಅಳುತ್ತಿದ್ದರು. “ನಾನು ಆಗ್ಲೇ ಹೇಳಿದ್ದೆ ಮಾಮಿ, ಅವನು ಕೇಳಲಿಲ್ಲ,” ಎಂದುಬಿಟ್ಟೆ. ಆಮೇಲೆ ಕೇಳಿದವರಿಗೆಲ್ಲ ಅದನ್ನೇ ಹೇಳಿದೆ. ಹೇಳುತ್ತ ಹೇಳುತ್ತ ಅದಕ್ಕೆ ಒಂದು ಕ್ಯಾಂಟೀನು, ಎರಡು ಲೋಟ ಕಾಫಿ, ಶೇಷುವಿನ ಉಡಾಫೆಯ ನಗು ಎಲ್ಲ ಸೇರಿಕೊಂಡವು. ಈಗಲೂ ಆ ಕಾಫಿ ನನಗೆ ಕಾಣುತ್ತದೆ.

ಶೇಷು ಮತ್ತೆ ಪ್ರಬಂಧ ಬರೆಯಲಿಲ್ಲ. ಮಾಧವರಂನಲ್ಲಿ ಟ್ಯೂಷನ್ ಹೇಳಿಕೊಂಡಿದ್ದ. ಎರಡು ವರ್ಷದೊಳಗೆ ಕಾಮಾಲೆಯಲ್ಲಿ ತೀರಿಕೊಂಡ.

ಮೊನ್ನೆ ಭಾನುವಾರ ಮಾಮಿಯನ್ನು ನೋಡಲು ಹೋದೆ. ಈಗ ಮಗಳ ಜೊತೆ ಅದೇ ಮೈಲಾಪೂರಿನಲ್ಲಿದ್ದಾರೆ.

“ಬಾಪ್ಪಾ, ಕೂತ್ಕೋ. ಕೂದಲೆಲ್ಲ ಎಲ್ಲೋಯ್ತು, ಪೂರಾ ಮೊಟ್ಟೈ ಆಗ್ಬಿಟ್ಟಿದೀಯ!”

ನಗುವ ಮೊದಲೇ ಹೇಳಿದೆ. “ಮಾಮಿ, ಆ ತಪ್ಪನ್ನ ನಾನು ಶೇಷುಗೆ ಹೇಳಿರ್ಲಿಲ್ಲ. ನಂಗೇ ಕಂಡಿರ್ಲಿಲ್ಲ. ಸರಿ ಅಂತ ಗುರುತು ಹಾಕಿ ಕೊಟ್ಟೋನು ನಾನೇ.”

ಮಾಮಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತರು.

“ಅವನೂ ಅದೇ ಹೇಳ್ದ ಪಾ. ನೀನು ಬಂದು ಹೋದ ದಿನ ಕೇಳ್ದೆ. ‘ಇಲ್ಲಮ್ಮಾ, ಅವನು ಸರಿ ಅಂತಾನೇ ಕೊಟ್ಟಿದ್ದ’ ಅಂದ. ನಾನು ಬಿಟ್ಟೆನಾ? ‘ತಪ್ಪು ನೀನು ಮಾಡಿ, ಪಾವಂ, ಆ ಹುಡುಗನ ತಲೆಗೆ ಕಟ್ತೀಯಾ’ ಅಂತ ಅವನಿಗೇ ಬೈದೆ. ಆಮೇಲೆ ಆ ಮಾತೇ ಎತ್ತಲಿಲ್ಲ ಅವನು. ಕೊನೇವರ್ಗೂ.”

ಒಳಗೆ ಮಗಳು ಮಿಕ್ಸಿ ಹಾಕಿದಳು, ನಿಲ್ಲಿಸಿದಳು.

“ಈಗ ಯಾಕಪ್ಪಾ ಬಂದೆ?” ಎಂದರು ಮಾಮಿ. ದನಿಯಲ್ಲಿ ಸಿಟ್ಟಿರಲಿಲ್ಲ. ಅವರಿಗೆ ಉತ್ತರ ಬೇಕಿತ್ತು.

ವಾಪಸ್ಸು ನನ್ನ ಮನೆಯಿರುವ ಶೋಳಿಂಗನಲ್ಲೂರಿನವರೆಗೂ ಬಸ್ಸಿನಲ್ಲಿ ಉತ್ತರ ಹುಡುಕಿದೆ. ಮೂರು ನಾಲ್ಕು ಹೊಳೆದವು. ಯಾವುದನ್ನೂ ನಾನೇ ನಂಬಲಿಲ್ಲ.