ನೀರಿಗಿಂತ ಮುಂಚೆ ಬಂದವನು

ಸರೋವರ ಹಿಂದೆ ಸರಿದಷ್ಟೂ ಡಾಂಬರಣ್ಣ ಅದರ ಬೆನ್ನು ಹತ್ತಿದ. ದೋಣಿ ರಿಪೇರಿಯವರ ಪದ್ಧತಿಯೇ ಹಾಗೆ: ದುರಸ್ತಿಯಾದ ದೋಣಿಯನ್ನು ಒಬ್ಬನೇ ನೂಕಿ ನೀರಿಗಿಳಿಸುವಷ್ಟು ಹತ್ತಿರದಲ್ಲಿ ಶೆಡ್ಡು ಇರಬೇಕು. ನೀರು ಒಳಕ್ಕೆ ಹೋದಾಗಲೆಲ್ಲ ತಗಡು, ಕಂಬ, ಮಂಚ, ಒಲೆ ಎಲ್ಲವನ್ನೂ ಹೊತ್ತುಕೊಂಡು ಹೋಗಿ, ಬಿರಿದ ಕೆಸರಿನ ಮೇಲೆ ಮತ್ತೆ ಕಟ್ಟುವುದು. ಉಳಿದವರು ಒಬ್ಬೊಬ್ಬರಾಗಿ ಬೇರೆ ಕಸುಬು ಹಿಡಿದರು. ಇವನೊಬ್ಬ ಉಳಿದ. ಶೆಡ್ಡಿನ ಹಿಂದಿನ ಅರ್ಧವೇ ಅವನ ಮನೆ.

ಹೆಂಡತಿ ಕೆಲವು ಸಲ ಜೊತೆಗೆ ಬಂದಳು. ಒಂದು ದಿನ ಅವನು ಕಂಬ ಕೀಳುತ್ತಿದ್ದಾಗ ಪಾತ್ರೆಯ ಬುಟ್ಟಿಯನ್ನು ಕೆಳಗಿಟ್ಟಳು.

“ಬೆಕ್ಕೂ ಮರಿಗಳನ್ನ ಇಷ್ಟು ಸಲ ಎತ್ತಿಕೊಂಡು ತಿರುಗಲ್ಲ ಕಣ್ರೀ. ನನ್ನ ಕೈಲಾಗಲ್ಲ. ಹಳೇ ಕಟ್ಟೆ ಮೆಟ್ಟಿಲಿಗೆ ನೀರು ಬರಲಿ, ನಾನೂ ಬರ್ತೀನಿ.”

ಊರಂಚಿನಲ್ಲಿ, ಮೊದಲು ನೀರು ತಾಗುತ್ತಿದ್ದ ಹಳೆಯ ದೋಣಿಕಟ್ಟೆಯ ಹಿಂದಿನ ಬೀದಿಯಲ್ಲಿದ್ದ ತಂಗಿಯ ಮನೆ ಸೇರಿ, ಹೊಲಿಗೆ ಮೆಷಿನ್ನು ಹಾಕಿಕೊಂಡಳು. ಜಗಳವೇನೂ ಆಗಿರಲಿಲ್ಲ. ಹಾಗಾಗಿ ರಾಜಿ ಮಾಡಿಸಲು ಯಾರೂ ಬರಲಿಲ್ಲ. ಡಾಂಬರಣ್ಣ ದೋಣಿಯ ಬಿರುಕುಗಳ ಜೊತೆ ಮಾತಾಡಲು ಶುರುಮಾಡಿದ. “ಬಾಯಿ ಮುಚ್ಚು” ಎಂದು ಗದರುತ್ತ ನಾರು ತುರುಕಿ ಡಾಂಬರು ಬಳಿಯುತ್ತಿದ್ದ.

ನದಿ ಹುಟ್ಟುವುದು ಮೇಲಿನ ರಾಜ್ಯದಲ್ಲಿ, ಸರೋವರ ಇರುವುದು ಕೆಳಗಿನದರಲ್ಲಿ. ವರ್ಷಗಟ್ಟಲೆ ಹಗ್ಗಜಗ್ಗಾಟವಾಡಿ ಎರಡೂ ಸರ್ಕಾರಗಳು ಕೊನೆಗೊಂದು ಒಪ್ಪಂದಕ್ಕೆ ಬಂದವು: ಮೇಲೆ ಬಿತ್ತನೆ ಶುರುವಾಗುವ ತನಕ ಸರೋವರಕ್ಕೆ ನೀರು ಬಿಡುವುದು. ನೀರು ಏರತೊಡಗಿತು. ಕಸುಬು ಬಲ್ಲವನು ಅದು ಏರಿದಷ್ಟೇ ಹಿಂದೆ ಸರಿಯುತ್ತಾನೆ. ಡಾಂಬರಣ್ಣ ಕೈಗಾಡಿ ತಂದು, ಒಂದೇ ಏಟಿಗೆ ಹಳೇ ಕಟ್ಟೆಗೇ ಬಂದುಬಿಟ್ಟ. ಮಂಚಕ್ಕೆ ಇನ್ನೊಂದು ಹಲಗೆ ಸೇರಿಸಿದ.

ದೋಣಿಯವರಿಗೆ ನಗುವೋ ನಗು. “ಏನಣ್ಣ, ನೀರಿಗೇ ದಾರಿ ತೋರಿಸ್ತಿದ್ದೀಯಾ?”

“ಬರುತ್ತೆ ಕಣ್ರೋ. ಕರೆದಿದ್ದೀನಿ.”

“ಕಾರ್ಡು ಕೊಟ್ಟು ಕರೆದ್ಯೋ, ಬರೀ ಬಾಯಿಮಾತೋ?”

ನೀರು ಅರ್ಧ ಬಯಲು ದಾಟಿ ನಿಂತಿತು. ಮೇಲೆ ಬಿತ್ತನೆ ಶುರುವಾಗಿತ್ತು, ಅಣೆಕಟ್ಟಿನ ಬಾಗಿಲು ಹಾಕಿದ್ದರು. ಒಪ್ಪಂದ ಇದ್ದದ್ದೇ ಹಾಗೆ. ಯಾರೂ ಮಾತು ತಪ್ಪಿರಲಿಲ್ಲ.

ಸಂಜೆ ಹೆಂಡತಿ ಬಂದಳು. ಸೆರಗಿಗೆ ದಾರದ ಎಳೆಗಳು ಅಂಟಿದ್ದವು. ಕೊನೆಯ ಮೆಟ್ಟಿಲ ತನಕ ಇಳಿದು ಒಣ ಕೆಸರನ್ನು ನೋಡಿದಳು.

“ಇನ್ನೂ ಏರುತ್ತಾ?”

ಹೂಂ ಅಂದುಬಿಡಬಹುದಿತ್ತು. “ಈ ವರ್ಷಕ್ಕೆ ಇಷ್ಟೇ. ಅವರಿಗೂ ಬೆಳೆ ಆಗಬೇಕಲ್ಲ.”

ಅವಳು ಶೆಡ್ಡಿನೊಳಗೆ ಇಣುಕಿದಳು. “ಮಂಚ ದೊಡ್ಡದಾಗಿದೆ.”

“ಹಲಗೆ ಮಿಕ್ಕಿತ್ತು.”

“ಇಲ್ಲಿಗೆ ಯಾವ ದೋಣಿ ಬರುತ್ತೆ? ಮತ್ತೆ ಕೆಳಗೆ ಹೋಗ್ತೀರಿ ತಾನೆ?”

“ಹೋಗ್ಬೇಕು.”

“ಮೊದಲಿಗಿಂತ ಹತ್ತಿರವೇ ಆಯ್ತು ಬಿಡಿ. ಮಹಡಿ ಹತ್ತಿದ್ರೆ ಕಾಣ್ತೀರಿ.” ಇಷ್ಟು ಹೇಳಿ ಅವಳು ಬೀದಿಯ ಕಡೆ ನಡೆದಳು. ಅವನು ತಡೆಯಲಿಲ್ಲ.

ಮಾರನೆಯ ದಿನ ಹೊಸ ದಡದಲ್ಲಿ ಕಂಬ ನೆಟ್ಟ. ದೋಣಿ ಶೆಡ್ಡಿನ ಬಾಗಿಲು ಯಾವತ್ತೂ ನೀರಿನ ಕಡೆಗೇ ಇರುತ್ತದೆ. ಇವನು ಊರಿನ ಕಡೆಗೆ ಇಟ್ಟ.

“ಗಿರಾಕಿಗೇ ಬೆನ್ನು ತೋರಿಸ್ತೀಯಲ್ಲಯ್ಯ!” ದೋಣಿಯವನೊಬ್ಬ ಸುತ್ತು ಹಾಕಿಕೊಂಡು ಬಂದು ಬೈದ.

ಡಾಂಬರಣ್ಣ ಡಾಂಬರಿನ ಡಬ್ಬವನ್ನು ಒಲೆಯ ಮೇಲಿಟ್ಟು, ಬಾಗಿಲಿಗೆ ಎದುರಾಗಿ ಕೂತ.