ಮೂರನೇ ಟೈರಿನ ಸಂಬಳ

ನಮ್ಮ ಜಿಲ್ಲೆಗೆ ಬೆಂಗಳೂರಿನ ಹೆಸರು ಬಂದಾಗ ಆಸ್ಪತ್ರೆಯ ಬೋರ್ಡು ಬದಲಾಯಿಸಿದವಳು ನಾನೇ. ರಾಮನಗರ ಎಂಬುದನ್ನು ಸಣ್ಣದಾಗಿಸಿ, ಬೆಂಗಳೂರು ದಕ್ಷಿಣ ಎಂಬುದನ್ನು ದೊಡ್ಡದಾಗಿ ಬರೆಸಿ ಎಂದು ಬೆಂಗಳೂರಿನ ಮುಖ್ಯ ಆಸ್ಪತ್ರೆಯಿಂದ ಫೋನು ಬಂದಿತ್ತು. ನಮ್ಮದು ಅದರ ಶಾಖೆ, ನಾನು ಶಾಖೆಯ ಆಡಳಿತಾಧಿಕಾರಿ. ಹಾಗೆಂದರೆ ಡಾಕ್ಟರೂ ನರ್ಸೂ ಮಾಡದ ಎಲ್ಲವನ್ನೂ ಮಾಡುವವಳು. ಹಾಸಿಗೆ ಹೊಂದಿಸಬೇಕು, ಆಕ್ಸಿಜನ್ ತರಿಸಬೇಕು, ವಿಮೆ ಕಂಪನಿಯವರೊಡನೆ ಗುದ್ದಾಡಬೇಕು, ಜನರೇಟರ್ ಕೈಕೊಟ್ಟರೆ ಕನಕಪುರದಿಂದ ಮೆಕ್ಯಾನಿಕ್ ಕರೆಸಬೇಕು, ಸತ್ತವರ ಮನೆಯವರು ಬೈಯುವಾಗ ಎದುರಿಗೆ ನಿಂತಿರಬೇಕು.

ಬೋರ್ಡಿನ ಹಿಂದೆಯೇ ಹೊಸ ದರವೂ ಬಂತು. ಇನ್ನು ಮೇಲೆ ಹಾಸಿಗೆಗೂ ಕೋಣೆಗೂ ಬೆಂಗಳೂರಿನದೇ ರೇಟು. ಹಾಗಾದರೆ ಸಂಬಳವೂ ಬೆಂಗಳೂರಿನದಾಗುತ್ತದೆ ಎಂದು ನಾನು ಅಂದುಕೊಂಡೆ. ಬೆಂಗಳೂರಿನ ಸಂಬಳ ಎಷ್ಟೆಂದು ನನಗೆ ಗೊತ್ತಿತ್ತು. ಒಂದು ತರಬೇತಿಯ ದಿನ ಮುಖ್ಯ ಆಸ್ಪತ್ರೆಯ ಆಡಳಿತಾಧಿಕಾರಿ, ನನ್ನದೇ ಹುದ್ದೆ, ನನ್ನಷ್ಟೇ ಅನುಭವ, ಕಾಫಿ ಕುಡಿಯುತ್ತಾ ಸಾಲುತ್ತಿಲ್ಲ ಎಂದು ಗೊಣಗಿ ಮೊತ್ತ ಹೇಳಿದ್ದರು. ನನ್ನದಕ್ಕೆ ಹತ್ತಿರಹತ್ತಿರ ಎರಡರಷ್ಟು. ನಾನು ಇನ್ನೊಂದು ಬಿಸ್ಕತ್ತು ತೆಗೆದುಕೊಂಡೆ.

ಮುಖ್ಯ ಆಸ್ಪತ್ರೆಯ ಸಿಬ್ಬಂದಿ ವಿಭಾಗದ ಅಧಿಕಾರಿ ನಮ್ಮ ಶಾಖೆಗೆ ಬಂದಾಗ ಕ್ಯಾಂಟೀನಿನಲ್ಲಿ ಸಂಬಳದ ಮಾತು ಕೇಳಿಯೇಬಿಟ್ಟೆ.

"ನಿಮ್ದು ಟಯರ್ ತ್ರೀ, ಅಂದ್ರೆ ಮೂರನೇ ದರ್ಜೆ ಊರು ಮೇಡಂ," ಎಂದರು. "ಇಲ್ಲಿ ಖರ್ಚು ಕಮ್ಮಿ ಅಲ್ವಾ. ಸಂಬ್ಳನೂ ಅದಕ್ಕೆ ತಕ್ಕ ಹಾಗೆ."

ನೆನಪಿನಲ್ಲಿ ನಾನು ಎದ್ದುನಿಂತು, ಪೆಟ್ರೋಲು, ಹಾಲಿನ ಪ್ಯಾಕೆಟ್ಟು, ಮಗಳ ಸ್ಕೂಲ್ ಫೀಸು, ಇದರಲ್ಲಿ ಯಾವುದು ಇಲ್ಲಿ ಅರ್ಧ ಬೆಲೆಗೆ ಸಿಗುತ್ತದೆ ಎಂದು ಕೇಳುತ್ತೇನೆ. ಈ ನೆನಪನ್ನು ನಾನೇ ನಂಬುವುದಿಲ್ಲ. ಆ ಕ್ಯಾಂಟೀನಿನ ಬೆಂಚು ಗೋಡೆಗೂ ಮೇಜಿಗೂ ನಡುವೆ ಸಿಕ್ಕಿಕೊಂಡಿದೆ, ಥಟ್ಟನೆ ಎದ್ದುನಿಲ್ಲಲು ಆಗುವುದೇ ಇಲ್ಲ. ಬಹುಶಃ ಕೂತೇ "ಸರಿ ಸರ್" ಅಂದಿರುತ್ತೇನೆ. ಆ ಪ್ರಶ್ನೆಗಳನ್ನೆಲ್ಲ ಕೇಳಿದ್ದು ಆಮೇಲೆ, ಸ್ಕೂಟರಿನ ಮೇಲೆ, ಹೆಲ್ಮೆಟ್ಟಿನೊಳಗೆ.

ಪಕ್ಕದ ಮೇಜಿನಲ್ಲಿ ಟೀ ಕುಡಿಯುತ್ತಿದ್ದ ನಮ್ಮ ಆಂಬುಲೆನ್ಸ್ ಡ್ರೈವರ್, ಅಧಿಕಾರಿ ಹೋದ ಮೇಲೆ ನನ್ನತ್ತ ತಿರುಗಿದ.

"ಏನಕ್ಕಾ ಅದು, ಮೂರ್ನೇ ಟೈರು?"

"ನಾವಂತೆ ಕಣಪ್ಪ. ನಮ್ಮೂರು."

"ಮೂರ್ನೇ ಟೈರು ಅಂದ್ರೆ ಆಟೋದಲ್ಲಿ ಮುಂದಿಂದು ಕಣಕ್ಕಾ. ಅದಿಲ್ದಿದ್ರೆ ಗಾಡಿ ಎತ್ಲಾಗೂ ತಿರ್ಗಕಿಲ್ಲ. ಹೇಳ್ಬೇಕಿತ್ತು ಆ ವಯ್ಯಂಗೆ."

ಆ ತಿಂಗಳೇ ನಮ್ಮ ಮನೆಯ ಮಾಲೀಕರು ಬಾಡಿಗೆ ಏರಿಸಿದರು. ರೇಷ್ಮೆ ರೀಲಿಂಗ್ ನಡೆಸುವ ಸಂಕೋಚದ ಮನುಷ್ಯ. ಗೇಟಿನ ಬಳಿಯೇ ನಿಂತು, "ಈಗ ನಮ್ದೂ ಬೆಂಗ್ಳೂರೇ ಆಯ್ತಲ್ಲ ಮೇಡಂ," ಎಂದರು. ಅವರ ಮೇಲೆ ಸಿಟ್ಟು ಬರಲಿಲ್ಲ. ಹೆಸರಿಗೆ ಬೆಲೆ ಇದೆ ಎಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ನನಗೆ ಸಂಬಳ ಕೊಡುವವರಿಗೆ ಮಾತ್ರ.

ನಿಜವಾದ ಸಿಟ್ಟು ಬಂದದ್ದು ಒಂದು ಬಿಲ್ಲಿನಿಂದ. ಮಾಗಡಿ ಕಡೆಯ ಗುಡೇಮಾರನಹಳ್ಳಿಯ ಹೆಂಗಸೊಬ್ಬರು ಮಾವನನ್ನು ಮನೆಗೆ ಕರೆದೊಯ್ಯಲು ಬಂದಿದ್ದರು. ಬಿಲ್ಲು ನೋಡಿ ಕೌಂಟರಿನ ಹುಡುಗಿಯನ್ನು ಬಿಟ್ಟು ನೇರ ನನ್ನ ಕೋಣೆಗೆ ನುಗ್ಗಿದರು.

"ಓದ್ವರ್ಸ ನಮ್ಮತ್ತೆ ಇದೇ ಮಂಚದ್ ಮ್ಯಾಲೆ ಮಲಗಿದ್ರು. ಮಂಚ ಅದೇ, ಫ್ಯಾನು ಅದೇ, ಅದು ಕಿರ್‌ಗುಟ್ಟೋದೂ ಅದೇ. ರೇಟು ಯಾಕವ್ವ ಏರೈತೆ?"

"ಇದು ಈಗ ಬೆಂಗಳೂರು ದಕ್ಷಿಣ ಅಲ್ವೇನಮ್ಮ. ಬೆಂಗಳೂರಿನ ರೇಟು." ನನಗೆ ಹಾಗೆ ಹೇಳಲು ಹೇಳಿದ್ದರು.

"ಓಹೋ, ಹಂಗಾರೆ ನಾನು ಬೆಂಗ್ಳೂರಿಗೆ ಬಂದ್ಬುಟ್ಟಿವ್ನಿ ಅನ್ನು. ಕಂಡಕ್ಟ್ರು ಹೇಳ್ಲೇ ಇಲ್ವಲ್ಲ." ಎದುರಿನ ಕುರ್ಚಿ ಎಳೆದು ಕೂತರು. "ನಿಂಗೂ ಏರ್ಸವ್ರಾ ಸಂಬ್ಳ?"

"ಇಲ್ಲ."

"ಮತ್ತೆ ನಮ್ ದುಡ್ಡು ಎಲ್ಲೋಯ್ತಾ ಐತೆ?"

ಅವರು ಹೋದ ಮೇಲೆ ಸಿಬ್ಬಂದಿ ವಿಭಾಗದ ಅಧಿಕಾರಿಗೆ ಫೋನು ಮಾಡಿದೆ. ಈ ಸಲದ ಮಾತು ಸರಿಯಾಗಿ ನೆನಪಿದೆ, ಏಕೆಂದರೆ ಆಡಿದ್ದು ಬಹಳ ಕಡಿಮೆ. ಹಾಸಿಗೆ ಬೆಂಗಳೂರಿನದಾದರೆ ನಾನೂ ಬೆಂಗಳೂರಿನವಳು, ಇಲ್ಲವಾದರೆ ಹಾಸಿಗೆಯ ರೇಟು ಇಳಿಸಿ ಎಂದೆ. ಅವರು ನಕ್ಕರು. "ಅದು ಬರೀ ಹೆಸರು ಮೇಡಂ. ಬೆಂಗ್ಳೂರು ಸಂಬ್ಳ ಬೇಕು ಅಂದ್ರೆ ಬೆಂಗ್ಳೂರಿಗೆ ಬನ್ನಿ. ಒಂದು ಪೋಸ್ಟ್ ಖಾಲಿ ಇದೆ."

ಹೋದೆ. ತತ್ವಕ್ಕಾಗಿ ಅಲ್ಲೇ ಉಳಿದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತಿತ್ತು, ಆದರೆ ಬಾಡಿಗೆ ಏರಿತ್ತು. ಮನೆ ಬದಲಾಯಿಸಲಿಲ್ಲ, ದಿನವೂ ಬೆಳಗ್ಗೆ ರೈಲು ಹತ್ತುತ್ತೇನೆ. ಬಿಡದಿ ದಾಟಿ, ಹೆಜ್ಜಾಲ ದಾಟಿ, ಕೆಂಗೇರಿಗೆ ಬರುವ ಹೊತ್ತಿಗೆ ಎಲ್ಲೋ ಒಂದು ಕಡೆ ನನ್ನ ಬೆಲೆ ಎರಡರಷ್ಟಾಗುತ್ತದೆ. ಎಲ್ಲಿ ಎಂದು ಕಿಟಕಿಯಿಂದ ಹುಡುಕಿದ್ದೇನೆ. ಬೇಲಿ ಇಲ್ಲ, ಗಡಿಕಲ್ಲೂ ಇಲ್ಲ. ಇಲ್ಲಿ, ಮುಖ್ಯ ಆಸ್ಪತ್ರೆಯಲ್ಲಿ, ಆಕ್ಸಿಜನ್‌ಗೆ ಒಬ್ಬರು, ವಿಮೆಗೆ ಒಬ್ಬರು, ಬೈಸಿಕೊಳ್ಳಲು ಇಬ್ಬರಿದ್ದಾರೆ. ನಾನು ಸಹಿ ಹಾಕುತ್ತೇನೆ. ಅಲ್ಲಿ ಮಾಡುತ್ತಿದ್ದುದರ ಕಾಲುಭಾಗ ಕೆಲಸಕ್ಕೆ ಅಲ್ಲಿನ ದುಪ್ಪಟ್ಟು ಸಂಬಳ. ಇದನ್ನು ಬಡ್ತಿ ಎಂದು ಕರೆದು ಹೂಗುಚ್ಛವನ್ನೂ ಕೊಟ್ಟರು.

ನನ್ನ ಜಾಗಕ್ಕೆ ದೊಡ್ಡಆಲಹಳ್ಳಿಯ ಹುಡುಗಿ ಬಂದಿದ್ದಾಳೆ. ಆಸ್ಪತ್ರೆ ಆಡಳಿತದಲ್ಲಿ ನನಗಿಂತ ಹೆಚ್ಚು ಓದಿದವಳು. ಮೊನ್ನೆ ಮಧ್ಯಾಹ್ನ ಆಕ್ಸಿಜನ್ ಏಜೆನ್ಸಿಯ ನಂಬರು ಕೇಳಲು ಫೋನು ಮಾಡಿದಳು. ಕೊಟ್ಟ ಮೇಲೂ ಫೋನು ಇಡಲಿಲ್ಲ.

"ಅಕ್ಕಾ, ಬೇಜಾರ್ ಮಾಡ್ಕಬೇಡಿ. ನಿಮ್ಗೆ ಇಲ್ಲಿ ಎಷ್ಟು ಕೊಡ್ತಿದ್ರು?"

ಸಂಬಳದ ವಿಷಯ ಒಬ್ಬರಿಗೊಬ್ಬರು ಹೇಳಬಾರದೆಂದು ನಮ್ಮೆಲ್ಲರಿಂದ ಸಹಿ ಹಾಕಿಸಿಕೊಂಡಿದ್ದಾರೆ. ಹೇಳಿದೆ. ಅವಳಿಗೆ ಅದಕ್ಕಿಂತಲೂ ಕಡಿಮೆ. ಈಗ ಇಲ್ಲಿ ಕೊಡುತ್ತಿರುವುದನ್ನೂ ಹೇಳಿದೆ, ನನ್ನ ಪಕ್ಕದ ಕೋಣೆಯವರಿಗೆ ಕೊಡುವುದನ್ನೂ.

ಅತ್ತ ಕಡೆ ಮೇಜಿನ ಡ್ರಾಯರ್ ಎಳೆದ ಸದ್ದಾಯಿತು.

"ಒಸಿ ನಿಧಾನುಕ್ಕೆ ಹೇಳಿ ಅಕ್ಕಾ," ಎಂದಳು. "ಬರ್ಕೊತೀನಿ."